ಬೇಳೆ ಬೆಂದ ಮನೆ

ಅವರು ತೀರಿಕೊಂಡ ಸುದ್ದಿ ಬಂದ ದಿನ ನಮ್ಮ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಮೊದಲು ಕೈಮುಗಿದ ಚಿತ್ರಗಳು ಬಂದವು, ಆಮೇಲೆ ಮನೆಗಳು ಬಂದವು. ಒಬ್ಬರು ತಮ್ಮ ಮುಂಬಾಗಿಲಿನ ಫೋಟೋ ಹಾಕಿ 'ಇದು ಸರ್ ನೋಡಿ ಆರಿಸಿದ ಮನೆ' ಎಂದು ಬರೆದರು. ಅದನ್ನು ಕಂಡು ಇನ್ನೊಬ್ಬರು ತಮ್ಮದನ್ನು ಹಾಕಿದರು. ಸಂಜೆಯೊಳಗೆ ರಾಯಚೂರು, ದೇವದುರ್ಗ, ಮಾನ್ವಿಯ ಎಂಟೋ ಹತ್ತೋ ಮನೆಗಳು, ಗೇಟು, ತುಳಸಿಕಟ್ಟೆ, ಮೇಲಿನ ನೀರಿನ ಟಾಕಿ ಸಮೇತ, ಸತ್ತ ಮನುಷ್ಯನಿಗೆ ಗೌರವ ಸಲ್ಲಿಸಲು ಸಾಲಾಗಿ ನಿಂತಿದ್ದವು.

ನಾನು ಏನೂ ಹಾಕಲಿಲ್ಲ. ಮುಖ್ಯೋಪಾಧ್ಯಾಯಿನಿ ಫೋನ್ ಮಾಡಿದರು. "ಏನ್ರಿ ಮೇಡಂ, ನಿಮ್ಮ ಮನಿನೂ ಸರ್ ನೋಡಿದ್ದಲ್ಲೇನು? ಎರಡು ಸಾಲು ಬರೀರಿ, ಇಲ್ಲಂದ್ರ ಮಂದಿ ಏನ್ ತಿಳ್ಕೋತಾರ?"

ಬರೆಯುತ್ತೇನೆ ಎಂದೆ. ಎರಡು ಸಾಲಿನಲ್ಲಿ ಹಿಡಿಯಲಿಲ್ಲ. ಹೆಸರು ಬರೆಯುವುದಿಲ್ಲ, ಅವರಿಗೆ ಮಕ್ಕಳಿದ್ದಾರೆ, ಆ ಮಕ್ಕಳಿಗೆ ಅಪ್ಪ ಬೇಕು.

ದೇವದುರ್ಗದ ಪ್ರೌಢಶಾಲೆಯಲ್ಲಿ ಅವರು ವಿಜ್ಞಾನದ ಮಾಸ್ತರು, ನಾನು ಕನ್ನಡದವಳು. ಅವರ ಸ್ವಂತ ಮನೆ ಮಾನ್ವಿಯಲ್ಲಿ. ನೌಕರಿಯ ದಿನಗಳಲ್ಲಿ ರಾಯಚೂರಿನಲ್ಲೊಂದು ಖೋಲಿ ಹಿಡಿದಿದ್ದರು. ನಾನೂ ರಾಯಚೂರಿನಿಂದಲೇ ಓಡಾಡುತ್ತಿದ್ದೆ. ಹಾಗಾಗಿ ಬೆಳಿಗ್ಗೆಯ ಬಸ್ಸಿನಲ್ಲಿ ಗಬ್ಬೂರು ದಾಟುವವರೆಗೂ, ಅದರಾಚೆಗೂ, ಅವರ ಮಾತು ನನ್ನ ಕಿವಿಗೆ ಬಿದ್ದಿದೆ. ನೆನಪು ಅವರನ್ನು ಎತ್ತರದ ಆಳಾಗಿ ತೋರಿಸುತ್ತದೆ. ಅದು ಸುಳ್ಳು. ಬೀಳ್ಕೊಡುಗೆಯ ದಿನ ತೆಗೆದ ಫೋಟೋದಲ್ಲಿ ಅವರ ತಲೆ ನನ್ನ ಕಿವಿಗಷ್ಟೇ ಬರುತ್ತದೆ. ಬೇರೆಯವರ ಮನೆಯೊಳಗೆ ನಿಂತಾಗ ಮಾತ್ರ ಅವರು ಎತ್ತರವಾಗುತ್ತಿದ್ದರೇನೋ. ಕತ್ತು ಹಿಂದೆ ಚೆಲ್ಲಿ, ಸೊಂಟದ ಮೇಲೆ ಎರಡೂ ಕೈ ಇಟ್ಟು, ತಮಗೆ ಸಂಬಂಧವಿಲ್ಲದ ಮೇಲ್ಛಾವಣಿಯನ್ನು ನೋಡುತ್ತಿದ್ದ ಆ ನಿಲುವು ಚೆನ್ನಾಗಿ ನೆನಪಿದೆ.

ಮನೆ ಕೊಳ್ಳುವವರು ಅವರನ್ನು ಕರೆದೊಯ್ಯುತ್ತಿದ್ದರು. ಅದಕ್ಕೆ ಅವರು ಏನೂ ತೆಗೆದುಕೊಳ್ಳುತ್ತಿರಲಿಲ್ಲ, ಎಲ್ಲರೂ ಇದನ್ನೇ ಹಾಡಿ ಹೊಗಳುತ್ತಾರೆ. ನಾನು ಕಂಡಂತೆ ಅವರು ತೆಗೆದುಕೊಳ್ಳುತ್ತಿದ್ದದ್ದು ಬೇರೆ. ಮಾರುವವನ ಕುರ್ಚಿಯಲ್ಲಿ ಕೂರುವುದು, ಅವನ ಹೆಂಡತಿಯ ಚಹಾ ಅರ್ಧ ಕುಡಿದು ಬಿಡುವುದು, ಅವನ ಮುಂದೆಯೇ ಅವನ ಮನೆಯನ್ನು ಬೈಯುವುದು.

"ಮೇ ತಿಂಗಳ ನಡು ಮಧ್ಯಾಹ್ನ ಮನಿ ನೋಡ್ಬೇಕ್ರಿ. ಮುಂಜಾನಿ ನೋಡಿದ್ರ ಎಲ್ಲಾ ಮನಿ ಛಲೋನೇ, ಎಲ್ಲಾ ಕನ್ಯಾನೂ ಛಲೋನೇ," ಎಂದು ಹೇಳಿ, ಬಸ್ಸಿನಲ್ಲಿ ನಾಲ್ಕು ಜನ ನಕ್ಕರೋ ಇಲ್ಲವೋ ಎಂದು ತಿರುಗಿ ನೋಡುತ್ತಿದ್ದರು. ನಗುವವರು ಇದ್ದೇ ಇರುತ್ತಿದ್ದರು.

ನ್ಯಾಯವಾಗಿ ಹೇಳಬೇಕೆಂದರೆ, ಅವರು ಹೇಳಿದ್ದರಲ್ಲಿ ಬಹಳಷ್ಟು ಸರಿಯಾಗಿತ್ತು. ಹೊಸ ಬಣ್ಣ ಬಳಿದ ಮನೆಯನ್ನು ನಂಬಬೇಡಿ. ಬಣ್ಣ ಬಳಿದದ್ದು ಯಾಕೆಂದು ಕೇಳಿ. ಎದುರು ಮನೆಯ ಗಟಾರು ಎತ್ತ ಹರಿಯುತ್ತದೆ ನೋಡಿ. ಝೆರಾಕ್ಸ್ ಕಾಗದಕ್ಕೆ ತಲೆಯಾಡಿಸಬೇಡಿ, ಅಸಲು ಕೇಳಿ. ಅಕ್ಕಪಕ್ಕದವರನ್ನು 'ಮನೆ ಹೇಗಿದೆ' ಎಂದು ಕೇಳಿದರೆ ಸುಳ್ಳು ಹೇಳುತ್ತಾರೆ, 'ಟ್ಯಾಂಕರ್ ನೀರಿಗೆ ಯಾರಿಗೆ ಫೋನ್ ಮಾಡ್ತೀರಿ' ಎಂದು ಕೇಳಿದರೆ ನಿಜ ಹೊರಬರುತ್ತದೆ. ಇವೆಲ್ಲ ಸರಿ. ಒಬ್ಬನನ್ನು ಪೂರ್ತಿಯಾಗಿ ತಿರಸ್ಕರಿಸಲು ಅವನು ಪೂರ್ತಿ ದಡ್ಡನಾಗಿರಬೇಕು. ಈ ಮನುಷ್ಯ ಅಷ್ಟು ಅನುಕೂಲವನ್ನೂ ನನಗೆ ಮಾಡಿಕೊಡಲಿಲ್ಲ.

ಅವರ ಕೀರ್ತಿಯೆಲ್ಲ ನಿಂತಿದ್ದದ್ದು ತೊಗರಿಬೇಳೆಯ ಮೇಲೆ. ಅಂಗಿಯ ಕಿಸೆಯಲ್ಲಿ ಒಂದು ಹಿಡಿ ಬೇಳೆಯ ಪುಡಿಕೆ ಇಟ್ಟುಕೊಂಡೇ ಮನೆ ನೋಡಲು ಹೋಗುತ್ತಿದ್ದರು. ಗೋಡೆ ಬಡಿದು, ಬಾಗಿಲು ಹಾಕಿ ತೆಗೆದು, ಹಜಾರದ ನೆಲದ ಮೇಲೆ ಅಂಗಾತ ಮಲಗಿ ಎದ್ದ ಮೇಲೆ, ಪುಡಿಕೆಯನ್ನು ಹೊರತೆಗೆದು ಮನೆಯ ಹೆಂಗಸಿನ ಕೈಗೆ ಕೊಡುತ್ತಿದ್ದರು. "ನಿಮ್ಮ ಬೋರಿನ ನೀರಾಗ ಇದನ್ನ ಕುದಿಸ್ರಿ. ಕುಕ್ಕರ್ ಬ್ಯಾಡ. ಪಾತ್ರಿಯೊಳಗ." ನೀರು ಗಡಸಾಗಿದ್ದರೆ ಬೇಳೆ ಬೇಯುವುದಿಲ್ಲ, ಬೇಳೆ ಬೇಯದ ನೀರಿನಲ್ಲಿ ಮನುಷ್ಯನ ಮೂತ್ರಪಿಂಡವೂ ಉಳಿಯುವುದಿಲ್ಲ ಎಂಬುದು ಅವರ ಸಿದ್ಧಾಂತ. ಬೇಳೆ ಬೇಯುವವರೆಗೆ ಎಲ್ಲರೂ ಕಾಯಬೇಕು. ಮಾರುವವನು ಹಲ್ಲು ಕಿರಿಯುತ್ತ, ಕೊಳ್ಳುವವನು ಭಕ್ತಿಯಿಂದ, ಇವರು ಕಣ್ಣು ಮುಚ್ಚಿಕೊಂಡು.

ನಮ್ಮ ಶಾಲೆಯ ಗುಮಾಸ್ತರು ಒಂದು ಮನೆಗೆ ಮನಸ್ಸು ಕೊಟ್ಟಿದ್ದರು. ಬೇಳೆ ಒಂದೂವರೆ ತಾಸು ಕುದಿಯಿತು, ಕಲ್ಲಿನ ಹಾಗೇ ಉಳಿಯಿತು. ಇವರು ಒಂದು ಕಾಳನ್ನು ಬೆರಳುಗಳ ನಡುವೆ ಹಿಡಿದು, "ಇದು ನೀರಲ್ರಿ, ಸಿಮೆಂಟು," ಎಂದು ತೀರ್ಪು ಕೊಟ್ಟರು. ಗುಮಾಸ್ತರು ಆ ಮನೆ ಬಿಟ್ಟರು. ಮುಂದಿನ ತಿಂಗಳು ಮಾಸ್ತರ ಹೆಂಡತಿ ಯಾವುದೋ ಆರತಕ್ಷತೆಯಲ್ಲಿ ಗುಮಾಸ್ತರ ಹೆಂಡತಿಯ ಪಕ್ಕ ಕೂತು, ಊಟ ಮಾಡುತ್ತ ಹೇಳಿದರಂತೆ: "ಡಬ್ಬಿ ತಳದಾಗ ಎರಡು ವರ್ಷದ ಹಳೇ ಬ್ಯಾಳಿ ಇತ್ತವ್ವಾ. ನಮ್ಮನ್ಯಾಗ ಹೆಂಗ ಕುದಿಸಿದ್ರೂ ಬೇಯಂಗಿಲ್ಲ ಅಂತ ಆ ಸಲ ಅವರ ಕಿಸೆದಾಗ ಹಾಕಿ ಕಳಿಸಿದ್ದೆ." ಹಳೆಯ ಬೇಳೆ ಯಾವ ಗಂಗೆಯಲ್ಲೂ ಬೇಯುವುದಿಲ್ಲವೆಂದು ವಿಜ್ಞಾನದ ಮಾಸ್ತರಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಒಪ್ಪಿಕೊಳ್ಳಲಿಲ್ಲ. "ಹೆಂಗಸರ ಮಾತು," ಎಂದರು. ಗುಮಾಸ್ತರು ಇಂದಿಗೂ ಬಾಡಿಗೆ ಮನೆಯಲ್ಲಿದ್ದಾರೆ. ಮೊನ್ನೆ ಗುಂಪಿನಲ್ಲಿ ಮೊದಲು ಕೈಮುಗಿದವರು ಅವರೇ.

ಇದೆಲ್ಲ ಗೊತ್ತಿದ್ದೂ ನಾನು ಅವರನ್ನು ಕರೆದೊಯ್ದೆ. ನಲವತ್ತೊಂದರ ಒಂಟಿ ಹೆಂಗಸು ರಾಯಚೂರಿನಲ್ಲಿ ಮನೆ ನೋಡಲು ಹೋದರೆ, ಮಾರುವವನು ಮೊದಲು ನೋಡುವುದು ಅವಳ ಹಿಂದೆ ಯಾರು ನಿಂತಿದ್ದಾರೆ ಎಂದು. ಯಾರಾದರೊಬ್ಬರು ನಿಂತಿರಲಿ ಎಂದು ಇವರನ್ನು ನಿಲ್ಲಿಸಿದೆ. ಬಾಡಿಗೆ ಖೋಲಿಯಲ್ಲಿ ಹದಿನಾರು ವರ್ಷ ಕಳೆದಿದ್ದೆ. ಯಾರೂ 'ಇದೇ ತಿಂಗಳು ಖಾಲಿ ಮಾಡ್ರಿ' ಎನ್ನಲಾಗದ ನಾಲ್ಕು ಗೋಡೆ ನನಗೆ ಬೇಕಿತ್ತು. ಅಷ್ಟೇ ಬೇಕಿತ್ತು.

ಮನೆ ಹಳೆಯದು, ಉದ್ದನೆಯದು. ಮುಂದೆ ಹಜಾರ ಮತ್ತು ಒಂದು ಖೋಲಿ, ಹಿಂದೆ ಅಡಿಗೆಮನೆ ಮತ್ತು ಇನ್ನೊಂದು ಖೋಲಿ, ಹಿತ್ತಲಲ್ಲಿ ಬೋರು. ಮಾರುವವನು ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವವನು. ಮನೆ ಕಟ್ಟಿಸಿದ್ದು ಅವನ ಅಪ್ಪ. ಅಪ್ಪ, ಅವ್ವ ಇಬ್ಬರೂ ತೀರಿಹೋಗಿದ್ದರು, ಖಾತಾ ಮಗನ ಹೆಸರಿಗೆ ಬಂದಿತ್ತು. ನಾವು ಹೋದ ದಿನ ಅವನ ಹೆಂಡತಿ ಹೊರಗೆ ಹೋಗಿದ್ದಳು. ಅಡಿಗೆಮನೆಯಲ್ಲಿದ್ದದ್ದು ಅವನ ತಂಗಿ, ಗುಂಜಹಳ್ಳಿಗೆ ಕೊಟ್ಟ ಹೆಣ್ಣುಮಗಳು. ಮಾಸ್ತರು ಬೇಳೆಯ ಪುಡಿಕೆಯನ್ನು ಆಕೆಯ ಕೈಗೆ ಕೊಟ್ಟರು. ಮುಖ ನೋಡಲಿಲ್ಲ. ಹಜಾರಕ್ಕೆ ಹೋಗಿ ಕುರ್ಚಿಯಲ್ಲಿ ಕೂತರು. ಗಂಡಸರ ಮಾತಿನಲ್ಲಿ ನನಗೇನು ಕೆಲಸವೆಂದು ನಾನು ಒಲೆಯ ಹತ್ತಿರ ಆಕೆಯ ಪಕ್ಕ ನಿಂತೆ.

ಇಲ್ಲಿಂದ ಮುಂದೆ ನನ್ನ ಬಳಿ ಮೂರು ನೆನಪುಗಳಿವೆ.

ಒಂದರಲ್ಲಿ ಆಕೆ ಏನೂ ಹೇಳುವುದಿಲ್ಲ. ನೊರೆ ತೆಗೆಯುತ್ತಾಳೆ, ನಾನು ನೋಡುತ್ತೇನೆ. ಎರಡನೆಯದರಲ್ಲಿ, "ಈ ಕಟ್ಟಿ ನೋಡ್ರಿ ಟೀಚರ್, ನಮ್ಮವ್ವ ಗಿಡ್ಡಿ ಇದ್ದಳು, ಆಕಿ ಎತ್ತರಕ್ಕ ಕಟ್ಟಿಸ್ಯಾನ ನಮ್ಮಪ್ಪ," ಎಂದು ಒಲೆಕಟ್ಟೆಯನ್ನು ಸವರುತ್ತಾಳೆ. ಮೂರನೆಯದರಲ್ಲಿ ಅದೇ ಮಾತಾದ ಮೇಲೆ ಸೌಟು ಕೆಳಗಿಟ್ಟು, ದನಿ ತಗ್ಗಿಸಿ, "ಮಾರಾಕತ್ತಾರ ಅಂತ ನನಗ ನಿನ್ನೆ ಗೊತ್ತಾತ್ರೀ. ನನ್ನ ಯಾರೂ ಕೇಳಿಲ್ಲ. ನನಗೂ ಪಾಲು ಅದ," ಎನ್ನುತ್ತಾಳೆ.

ವರ್ಷಗಳವರೆಗೆ ನಾನು ಮೊದಲನೆಯದನ್ನು ಇಟ್ಟುಕೊಂಡಿದ್ದೆ.

ಬೇಳೆ ಬೆಂದಿತು. ಮೆತ್ತಗೆ, ಹಳದಿ ಹೂವಿನ ಹಾಗೆ ಅರಳಿತು. ಮಾಸ್ತರು ಒಂದು ಕಾಳು ಹಿಸುಕಿ ನೋಡಿ, "ತೊಗೊಳ್ರಿ ಮೇಡಂ, ಇದು ಮನಿ!" ಎಂದರು. ತಮ್ಮ ನೀರನ್ನು ಹೊಗಳಿದ್ದಕ್ಕೆ ಅಣ್ಣ ಬೀಗಿದ. ಬೇಯಿಸಿದಾಕೆ ಪಾತ್ರೆ ತೊಳೆದಿಟ್ಟಳು.

ಮಾರನೆಯ ದಿನ ಬಸ್ಸಿನಲ್ಲಿ ನಾನೇ ಕೇಳಿದೆ. ಕೇಳಿದೆನೆಂಬುದೇ ನನ್ನ ವಿರುದ್ಧದ ಸಾಕ್ಷಿ. ಏನೂ ಕೇಳಿಸಿಕೊಳ್ಳದವಳು ಯಾಕೆ ಕೇಳುತ್ತಾಳೆ? "ಸರ್, ತಂಗಿಯ ಸಹಿ ಬೇಡವಾ?"

ಅವರು ಇಡೀ ಬಸ್ಸಿಗೆ ಕೇಳುವಂತೆ ನಕ್ಕರು. "ಕನ್ನಡ ಪಾಠ ಹೇಳೋರಿಗಿ ಕಾಯ್ದೆ ಹುಳ ಹೊಕ್ಕಿದ್ರ ಹಿಂಗ ನೋಡ್ರಿ. ಕೊಟ್ಟ ಹೆಣ್ಣಿನ ಸಹಿ ಕೇಳಿದ್ರ ಅಣ್ಣಗ ಅವಮಾನ. ಅಂವ ಮನಿನೇ ಕೊಡಂಗಿಲ್ಲ. ಆಕಿಗೆ ಮಂದಿ ಮುಂದ ಉಡಿ ತುಂಬಿಸಿಬಿಡೋಣು. ಉಡಿ ಒಡ್ಡಿದ ಹೆಣ್ಮಗಳು ತಿರುಗಿ ಪಾಲು ಕೇಳಿದ್ದು ನಮ್ಮ ಕಡಿ ಎಲ್ಲರ ಕೇಳೀರೇನು?"

ಕೇಳಿರಲಿಲ್ಲ. ಕೇಳಲಾರದೆ ಬಾಯಿ ಮುಚ್ಚಿಕೊಂಡವರನ್ನು ಬೇಕಾದಷ್ಟು ನೋಡಿದ್ದೆ.

ಹೀಗೆ ಹಕ್ಕು ಬಿಡುಗಡೆ ಪತ್ರದ ಬದಲಿಗೆ ಒಂದು ಸೀರೆ ಬಂತು. ಸೀರೆ ನಾನೇ ತಂದೆ. ಅಣ್ಣನ ಹೆಂಡತಿ ಅಕ್ಕಿ, ಕೊಬ್ಬರಿ, ಅರಿಷಿಣದ ಬೇರು, ಕುಪ್ಪಸದ ಖಣ ಹಾಕಿ ಉಡಿ ತುಂಬಿದಳು. ನಾನು ತಟ್ಟೆ ಹಿಡಿದಿದ್ದೆ. ತಂಗಿ ಸೆರಗು ಒಡ್ಡಿದ್ದಳು. ಉಡಿ ತುಂಬುವಾಗ ಒಲ್ಲೆ ಅನ್ನುವ ಹೆಣ್ಣುಮಗಳು ತವರಿನ ಕೇಡು ಬಯಸಿದವಳಾಗುತ್ತಾಳೆ. ಮಾಸ್ತರು ಮೊಬೈಲಿನಲ್ಲಿ ಫೋಟೋ ತೆಗೆದರು. "ಮೇಡಂ, ಸ್ವಲ್ಪ ಈ ಕಡಿ ನೋಡ್ರಿ. ಹಾಂ. ಇದು ಯಾವ ಬಾಂಡಿಗೂ ಕಡಿಮಿ ಇಲ್ಲ." ಆ ಫೋಟೋವನ್ನು ಅಣ್ಣನಿಗೂ ನನಗೂ ಕಳಿಸಿದರು. ನೋಂದಣಿಯ ದಿನ ಬಾಂಡ್ ರೈಟರ್ ಕನ್ನಡಕದ ಮೇಲಿಂದ, "ಅಕ್ಕ ತಂಗೇರು ಯಾರರ ಅದಾರೇನ್ರಿ?" ಎಂದಾಗ ಮಾಸ್ತರು ನನ್ನ ಪರವಾಗಿ, "ಎಲ್ಲಾ ಮುಗಿಸೀವಿ, ನೀ ಬರಿ," ಎಂದರು. ನಾನು ಕಿಟಕಿಯಾಚೆ ನೋಡಿದೆ.

ಮೂರು ವರ್ಷ ಆ ಮನೆಯಲ್ಲಿ ನನ್ನಷ್ಟು ನೆಮ್ಮದಿಯಾಗಿ ಯಾರೂ ನಿದ್ದೆ ಮಾಡಿರಲಿಕ್ಕಿಲ್ಲ. ಆಮೇಲೆ ನ್ಯಾಯಾಲಯದ ನೋಟಿಸು ಬಂತು. ಗುಂಜಹಳ್ಳಿಯ ತಂಗಿ ಅಪ್ಪನ ಮನೆಯಲ್ಲಿ ಅರ್ಧ ಪಾಲು ಕೇಳಿ ದಾವೆ ಹಾಕಿದ್ದಳು. ಅಣ್ಣನ ಮೇಲೆ, ಕೊಂಡ ನನ್ನ ಮೇಲೆ. ಆಕೆ ಹಾಜರುಪಡಿಸಿದ ದಾಖಲೆಗಳಲ್ಲಿ ಆ ಫೋಟೋ ಇತ್ತು. ಅಣ್ಣ ಅದನ್ನು ಊರಿಗೆಲ್ಲ ಹಂಚಿದ್ದ. ಉಡಿ ತುಂಬಿದ್ದಕ್ಕೆ ಸಾಕ್ಷಿ ಎಂದು ಮಾಸ್ತರು ತೆಗೆದದ್ದು ಈಗ ಬೇರೊಂದಕ್ಕೆ ಸಾಕ್ಷಿಯಾಗಿತ್ತು: ಮಾರುವವನಿಗೆ ತಂಗಿಯೊಬ್ಬಳಿದ್ದಾಳೆಂದು ಕೊಳ್ಳುವವಳಿಗೆ ಚೆನ್ನಾಗಿ ಗೊತ್ತಿತ್ತು. ತಟ್ಟೆ ಹಿಡಿದು, ಹೇಳಿದ ಕಡೆ ತಿರುಗಿ, ನಾನು ನಗುತ್ತಿದ್ದೆ.

ಮಾಸ್ತರು ಅಷ್ಟರಲ್ಲಿ ನಿವೃತ್ತರಾಗಿ ಮಾನ್ವಿ ಸೇರಿದ್ದರು. ಹೋದೆ. ಕಟ್ಟೆಯ ಮೇಲೆ ಕೂತು ಪೇಪರ್ ಓದುತ್ತಿದ್ದರು. ಕೋರ್ಟಿಗೆ ಬಂದು ನಡೆದದ್ದನ್ನು ನಡೆದ ಹಾಗೆ ಹೇಳಿ, ಸಹಿ ಬೇಡ ಎಂದು ನನಗೆ ಹೇಳಿದವರು ನೀವೇ ಎಂದಾದರೂ ಹೇಳಿ ಎಂದೆ.

"ನಾನ್ಯಾಕ್ರಿ ಬರ್ಲಿ? ನಾನು ಮನಿ ನೋಡೀನಿ. ಮಂದಿ ನೋಡಿಲ್ಲ."

"ಉಡಿ ತುಂಬಿಸಿದವರು ನೀವು, ಸರ್."

"ಫೋಟೋ ವಾಸ್ತುಶಾಂತಿ ದಿನದ್ದು ಅನ್ರಿ. ಕರದಿದ್ವಿ, ಬಂದಿದ್ದಳು, ಉಡಿ ತುಂಬಿದ್ವಿ. ಮುಗೀತು. ಆಕಿ ಏನರ ಅಂದಿದ್ದಳೇನು ಅಂತ ಕೇಳಿದ್ರ, ನೆನಪಿಲ್ಲ ಅನ್ರಿ. ನೆನಪಿಲ್ಲ ಅನ್ನೋದು ಸುಳ್ಳಲ್ಲ ನೋಡ್ರಿ. ಯಾರ್ ಒಳಗ ಹೊಕ್ಕು ನೋಡ್ತಾರ?"

ಚಹಾ ತಂದ ಅವರ ಹೆಂಡತಿ ಬಾಗಿಲಲ್ಲೇ ನಿಂತಿದ್ದರು. "ಅವರು ಬರಂಗಿಲ್ಲ ಬಿಡವ್ವಾ," ಎಂದರು. "ಗಿಲ್ಲೆಸುಗೂರಾಗ ಇವರ ಅಕ್ಕ ಅದಾಳ. ಈ ಮನಿ ಇವರ ಹೆಸರಿಗೆ ಆಗುವಾಗ ಆಕಿಗೂ ಹಿಂಗ ಒಂದು ಸೀರಿ ಉಡಿಸಿ ಕಳಿಸ್ಯಾರ. ಇವರು ಕೋರ್ಟಿಗಿ ಹೋಗಿ ಉಡಿ ಮಾತು ಬಾಯಾಗ ತಂದ್ರ ನಾಳಿ ಆಕಿ ಈ ಕಟ್ಟಿಗೆ ಬಂದು ಕುಂಡ್ರತಾಳ."

"ನೀ ಒಳಗ ನಡಿ," ಎಂದರು ಮಾಸ್ತರು. ಅಷ್ಟು ಸಣ್ಣ ದನಿಯನ್ನು ಅವರ ಬಾಯಲ್ಲಿ ನಾನು ಕೇಳಿರಲಿಲ್ಲ.

ಅವರು ನನಗೆ ಮೋಸ ಮಾಡಿದರೆಂದು ಹೇಳಿಬಿಟ್ಟರೆ ಈ ಬರಹ ನೆಟ್ಟಗಾಗುತ್ತದೆ. ಹಾಗಲ್ಲ. ಉಡಿ ತುಂಬಿದರೆ ಪಾಲು ತೀರಿತೆಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು, ನಂಬದಿದ್ದರೆ ಅವರ ಕಾಲ ಕೆಳಗಿನ ಕಟ್ಟೆ ಅವರದಾಗಿ ಉಳಿಯುತ್ತಿರಲಿಲ್ಲ. ಊರವರ ಗೋಡೆಗಳ ಬಿರುಕು ಹುಡುಕುತ್ತ ಆಯುಷ್ಯ ಕಳೆದವರು, ಕಾಣಬಾರದ್ದನ್ನು ಕಾಣದಿರಲು ಕಣ್ಣಿಗೆ ಅಷ್ಟು ಕೆಲಸ ಕೊಟ್ಟುಕೊಂಡಿದ್ದರು. ನನ್ನ ತಿರಸ್ಕಾರ ಇದಕ್ಕೆ. ಅದರಲ್ಲೊಂದು ಪಾಲು ನನಗೂ ಸಲ್ಲುತ್ತದೆ. ಅವರ ಕಟ್ಟೆಯಿಂದ ಇಳಿಯುವಾಗ ನಾನು ಅವರ ಸಲಹೆಯನ್ನು ಜೊತೆಗೇ ತಂದಿದ್ದೆ. ನನ್ನ ವಕೀಲರೂ ಅದನ್ನೇ ಹೇಳಿದರು: "ನೆನಪಿಲ್ಲ ಅಂದ್ರ ಸಾಕು."

ನೆನಪನ್ನು ನಂಬಬಾರದೆಂದು ನಾನು ಯಾವಾಗಲೂ ಹೇಳುತ್ತ ಬಂದವಳು. ಆ ನಂಬಿಕೆ ಅರ್ಧ ಮನೆಯನ್ನು ಉಳಿಸಿಕೊಡಬಹುದಾದ ದಿನ ಬಂದಿತ್ತು. ನನ್ನ ಸಾಕ್ಷಿಯ ದಿನ ನ್ಯಾಯಾಲಯದ ಪಡಸಾಲೆಯಲ್ಲಿ ಒಂದೇ ಬೆಂಚು ಖಾಲಿ ಇತ್ತು. ಒಂದು ತುದಿಯಲ್ಲಿ ಆಕೆ, ಒಂದು ತುದಿಯಲ್ಲಿ ನಾನು. ಸ್ವಲ್ಪ ಹೊತ್ತಿಗೆ ಆಕೆ ನನ್ನ ಕಡೆ ತಿರುಗಿದಳು.

"ಟೀಚರ್, ಅವತ್ತು ಒಲಿ ಮುಂದ ನಾ ಏನ್ ಅಂದೆ, ನಿಮಗ ನೆನಪದೇನ್ರೀ?"

ನಾನು ಬೆಂಚಿನ ತುದಿಗೆ ಇನ್ನಷ್ಟು ಸರಿದೆ.

"ನೆನಪಿಲ್ಲಂದ್ರ ಇಲ್ಲ ಅನ್ರಿ. ನನಗೇನು ಸಿಟ್ಟಿಲ್ಲ. ನನಗ ಮಾತ್ರ ದಿನಾ ನೆನಪದ. ನಾ ಅದನ್ನ ನಮ್ಮಣ್ಣಗ ಹೇಳಿಲ್ಲ, ನನ್ನ ಗಂಡಗ ಹೇಳಿಲ್ಲ. ನಿಮಗೊಬ್ಬರಿಗೇ ಹೇಳಿದ್ದೆ. ಓದಿದ ಹೆಣ್ಮಗಳು, ತಿಳೀತದ ಅಂತ."

ಒಳಗೆ ಕರೆದರು. ಆಕೆಯ ವಕೀಲರು, ಆ ದಿನ ವಾದಿ ನಿಮಗೆ ಏನಾದರೂ ಹೇಳಿದ್ದರೇ ಎಂದು ಕೇಳಿದರು. ನನ್ನ ವಕೀಲರು ಚಾವಣಿ ನೋಡುತ್ತಿದ್ದರು. "ಹೇಳಿದ್ದರು," ಎಂದೆ. ಏನು ಹೇಳಿದ್ದರೋ ಅದನ್ನು ಅವರದೇ ಮಾತಿನಲ್ಲಿ ಹೇಳಿದೆ. ಒಂದು ಮಾತು ಆಚೀಚೆ ಆಗಿದ್ದರೆ ಆಗಿರಬಹುದು.

ಆಮೇಲೆ ವಾದಿಸಲು ಬಹಳ ಉಳಿದಿರಲಿಲ್ಲ. ರಾಜಿ ಆಯಿತು. ಮುಂದಿನ ಭಾಗ ನನಗೆ. ಅಡಿಗೆಮನೆ, ಹಿಂದಿನ ಖೋಲಿ, ಬೋರು ಆಕೆಗೆ, ಅದರ ನೀರಿನಲ್ಲಿ ನನಗೂ ಪಾಲು. ನಡುವೆ ಗೋಡೆ. ಅಣ್ಣನ ಮೇಲೆ ನಾನು ಹಾಕಿದ ದಾವೆ ಇನ್ನೂ ನಡೆದಿದೆ.

ಮಾಸ್ತರನ್ನು ನಾನು ಕೊನೆಯ ಸಲ ಕಂಡದ್ದು ಗೋಡೆ ಕಟ್ಟುವ ದಿನ. ಯಾರೂ ಕರೆದಿರಲಿಲ್ಲ. ರಾಯಚೂರಿಗೆ ಬಂದವರು, ಯಾರೋ ಹೇಳಿದ್ದನ್ನು ಕೇಳಿ ಇಲ್ಲಿಗೂ ಬಂದಿದ್ದರು. ಕಟ್ಟುವ ಗೋಡೆಯೊಂದು ಇದೆಯೆಂದರೆ ತಮ್ಮನ್ನು ತಡೆದುಕೊಳ್ಳಲಾಗಲಿಲ್ಲವೇನೋ. ಆಗ ಗೌಂಡಿ ನೆಲಕ್ಕೆ ಗುರುತು ಹಾಕುತ್ತಿದ್ದ. ದಾರದ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತುದಿ ಆಕೆಯ ಕೈಯಲ್ಲಿತ್ತು. ಇಬ್ಬರೂ ಕುಕ್ಕರುಗಾಲಲ್ಲಿ ಕೂತಿದ್ದೆವು.

ಮಾಸ್ತರು ಸೊಂಟದ ಮೇಲೆ ಕೈಯಿಟ್ಟು ಒಳಗೆ ಬಂದರು. ಕತ್ತು ಹಿಂದೆ ಚೆಲ್ಲಿ ಮೇಲೆ ನೋಡಿದರು. ನಮಸ್ಕಾರವಿಲ್ಲ, ಹೇಗಿದ್ದೀರಿ ಎಂಬುದಿಲ್ಲ. "ನಾಲ್ಕೂವರಿ ಇಂಚಿನ ಗ್ವಾಡಿ ಹಾಕಬ್ಯಾಡ್ರಿ ಮೇಡಂ, ಆ ಕಡಿ ಕೆಮ್ಮಿದ್ದು ಈ ಕಡಿ ಕೇಳ್ತದ. ಒಂಬತ್ತು ಹಾಕ್ರಿ," ಎಂದರು. ಸರಿಯಾದ ಸಲಹೆ. ಅವರು ಇನ್ನೊಂದು ಹೆಜ್ಜೆ ಮುಂದಿಟ್ಟು, ದಾರದ ಮೇಲೇ ನಿಂತು, ಎದುರು ಕೂತಿದ್ದವಳನ್ನು ನೋಡಿದರು. ತಮ್ಮ ಬೇಳೆ ಬೇಯಿಸಿದವಳು, ತಮ್ಮ ಫೋಟೋದ ನಡುವೆ ಸೆರಗು ಒಡ್ಡಿ ನಿಂತವಳು. ಕಣ್ಣು ಕಿರಿದು ಮಾಡಿ ನೋಡಿದರು. ಅವರು ನಟಿಸುತ್ತಿರಲಿಲ್ಲ. ಇದೊಂದನ್ನು ನಾನು ಆಣೆ ಮಾಡಿ ಹೇಳಬಲ್ಲೆ.

"ಈಕಿ ಯಾರ್ರೀ?" ಎಂದು ನನ್ನನ್ನು ಕೇಳಿದರು.

ಆಕೆ ನನ್ನ ಉತ್ತರಕ್ಕೆ ಕಾಯಲಿಲ್ಲ. ದಾರವನ್ನು ಬಿಗಿಯಾಗಿ ಎಳೆದಳು. "ಮನಿಯಾಕಿರೀ," ಎಂದಳು. "ಕಾಲು ತಗೀರಿ."